1864ರ ಚಿಕಾಗೋ ನಿರ್ಣಯವೂ ಮೆಕ್ಲೆಲನ್ನನ ಪತ್ರವೂ

ಯುದ್ಧವು ನಡೆಯುತ್ತಿರುವಾಗಲೇ ಒಂದು ರಾಷ್ಟ್ರದಲ್ಲಿ ಚುನಾವಣೆಯು ಬಂದೊದಗಿದರೆ, ಅಧಿಕಾರವನ್ನು ಬಯಸುವ ಪ್ರತಿಯೊಂದು ಪಕ್ಷವೂ ಒಂದು ಪ್ರಶ್ನೆಗೆ ಉತ್ತರವನ್ನು ಕೊಡಬೇಕಾಗುತ್ತದೆ: ಈ ಯುದ್ಧವನ್ನು ಮುಂದುವರಿಸತಕ್ಕದ್ದೋ, ನಿಲ್ಲಿಸತಕ್ಕದ್ದೋ? ಈ ಪ್ರಶ್ನೆಗೆ ಏಕಕಾಲದಲ್ಲಿ ಎರಡು ಉತ್ತರಗಳನ್ನು ಕೊಟ್ಟು ಮತವನ್ನು ಯಾಚಿಸಿದ ಪಕ್ಷಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಡೆಮೋಕ್ರಾಟಿಕ್ ಪಕ್ಷವು 1864ರಲ್ಲಿ ಒಳ್ಳೆಯ ನಿದರ್ಶನವಾಗಿದೆ. ಆ ಪಕ್ಷದ ನಿರ್ಣಯವನ್ನೂ ಅದರ ಅಭ್ಯರ್ಥಿಯ ಪತ್ರವನ್ನೂ ಒಟ್ಟಿಗಿಟ್ಟು ನೋಡಿದರೆ, ಒಂದು ವಾಕ್ಯದ ಪೂರ್ವಾಪರ ಕ್ರಮವು ಎಷ್ಟು ಜನರ ಭವಿಷ್ಯವನ್ನು ಹೊತ್ತಿರಬಲ್ಲುದೆಂಬುದು ವ್ಯಕ್ತವಾಗುತ್ತದೆ.

1861ರ ಏಪ್ರಿಲ್ ತಿಂಗಳಿನಲ್ಲಿ ಸಮ್ಟರ್ ಕೋಟೆಯ ಮೇಲೆ ಗುಂಡಿನ ದಾಳಿಯಾದುದರಿಂದ ಅಮೆರಿಕಾದ ಅಂತರ್ಯುದ್ಧವು ಆರಂಭವಾಯಿತು. ದಕ್ಷಿಣದ 11 ಸಂಸ್ಥಾನಗಳು ಒಕ್ಕೂಟವನ್ನು ಬಿಟ್ಟು ಬೇರೆಯಾದುವು. ಉತ್ತರದಲ್ಲಿ ಉಳಿದ ಡೆಮೋಕ್ರಾಟರು ಕಾಲಕ್ರಮದಲ್ಲಿ ಎರಡು ಬಣಗಳಾಗಿ ಒಡೆದರು. ಒಕ್ಕೂಟವನ್ನು ಉಳಿಸುವುದಕ್ಕಾಗಿ ಯುದ್ಧವು ನಡೆಯಲೇಬೇಕೆಂಬುದು ಒಂದು ಬಣದ ಮತ. ಬಲಪ್ರಯೋಗದಿಂದ ಒಕ್ಕೂಟವು ಉಳಿಯಲಾರದು, ಸಂಧಾನವೇ ಮಾರ್ಗವೆಂಬುದು ಇನ್ನೊಂದು ಬಣದ ಮತ. 1863ರ ಜನವರಿ 1ರಂದು ಅಧ್ಯಕ್ಷ ಲಿಂಕನ್ನನು ದಾಸ್ಯವಿಮೋಚನೆಯ ಘೋಷಣೆಯನ್ನು ಹೊರಡಿಸಿದ ಮೇಲೆ ಶಾಂತಿವಾದಿಗಳ ವಿರೋಧವು ಮತ್ತಷ್ಟು ತೀವ್ರವಾಯಿತು. ಅವರ ಮುಖಂಡನಾದ ಓಹಾಯೋ ಸಂಸ್ಥಾನದ ಕ್ಲೆಮೆಂಟ್ ವ್ಯಾಲಂಡಿಗ್ಯಾಮನು 1863ರ ಮೇ ತಿಂಗಳಿನಲ್ಲಿ ಬಂಧಿತನಾಗಿ, ಸೈನಿಕ ನ್ಯಾಯಮಂಡಲಿಯಿಂದ ಶಿಕ್ಷೆ ಹೊಂದಿ, ದಕ್ಷಿಣದ ಸೀಮೆಗೆ ಗಡೀಪಾರಾದನು.

1864ರ ಬೇಸಗೆಯಲ್ಲಿ ಉತ್ತರದ ಜನರು ಯುದ್ಧದಿಂದ ಬಳಲಿದ್ದರು. ವರ್ಜೀನಿಯಾದಲ್ಲಿ ಗ್ರಾಂಟನ ಸೈನ್ಯಕ್ಕೆ ಒಂದೂವರೆ ತಿಂಗಳೊಳಗೆ ಸತ್ತವರು, ಗಾಯಗೊಂಡವರು, ಸೆರೆಯಾದವರು ಸೇರಿ ಸುಮಾರು 55,000 ಮಂದಿಯ ನಷ್ಟವಾಗಿತ್ತು. ಜುಲೈ 18ರಂದು ಲಿಂಕನ್ನನು ಇನ್ನೂ 5,00,000 ಸೈನಿಕರು ಬೇಕೆಂದು ಕರೆಕೊಟ್ಟನು. ಅದೇ ದಿನ ಬರೆದ ಮತ್ತೊಂದು ಪತ್ರದಲ್ಲಿ, ಒಕ್ಕೂಟದ ಪುನಃಸ್ಥಾಪನೆಯನ್ನೂ ದಾಸ್ಯಪದ್ಧತಿಯ ತ್ಯಾಗವನ್ನೂ ಒಪ್ಪುವ ಸಂಧಾನವನ್ನು ಮಾತ್ರ ಪರಿಶೀಲಿಸಲಾಗುವುದೆಂದು ಸ್ಪಷ್ಟಪಡಿಸಿದನು. ಗುಲಾಮರ ಬಿಡುಗಡೆಗಾಗಿಯೇ ಯುದ್ಧವನ್ನು ಬೆಳೆಸಲಾಗುತ್ತಿದೆಯೆಂದು ಆಕ್ಷೇಪಿಸುವುದಕ್ಕೆ ವಿರೋಧಿಗಳಿಗೆ ಇದರಿಂದ ಅವಕಾಶವಾಯಿತು. ಆಗಸ್ಟ್ 23ರಂದು ಲಿಂಕನ್ನನು, ತನಗೆ ಪುನರಾಯ್ಕೆಯಾಗುವ ಸಂಭವವಿಲ್ಲವೆಂದೂ, ಹಾಗಾದಲ್ಲಿ ಹೊಸ ಅಧ್ಯಕ್ಷನು ಅಧಿಕಾರವನ್ನು ವಹಿಸುವುದಕ್ಕೆ ಮುಂಚೆ ಅವನೊಡನೆ ಸಹಕರಿಸಿ ಒಕ್ಕೂಟವನ್ನು ಉಳಿಸುವುದು ತನ್ನ ಕರ್ತವ್ಯವೆಂದೂ ಒಂದು ಕಾಗದದಲ್ಲಿ ಬರೆದು, ಅದನ್ನು ಮಡಿಸಿ, ಮಂತ್ರಿಗಳು ಓದದಂತೆಯೇ ಅದರ ಮೇಲೆ ಅವರ ಸಹಿಗಳನ್ನು ಪಡೆದನು.

ಜುಲೈ 4ರಂದು ನಡೆಯಬೇಕಾಗಿದ್ದ ತಮ್ಮ ಮಹಾಸಭೆಯನ್ನು ಡೆಮೋಕ್ರಾಟರು ಯುದ್ಧದ ಗತಿಯನ್ನು ನೋಡಿಕೊಳ್ಳುವ ಉದ್ದೇಶದಿಂದ ಮುಂದೂಡಿ, ಆಗಸ್ಟ್ 29ರಿಂದ 31ರ ವರೆಗೆ ಚಿಕಾಗೋ ನಗರದಲ್ಲಿ ಸೇರಿಸಿದರು. ಎರಡು ಬಣಗಳನ್ನೂ ಒಂದೇ ಚಪ್ಪರದಡಿಯಲ್ಲಿ ನಿಲ್ಲಿಸುವುದು ಅಲ್ಲಿಯ ಸಮಸ್ಯೆಯಾಗಿದ್ದಿತು. ಅದಕ್ಕೆ ಕಂಡುಕೊಂಡ ಪರಿಹಾರವು ಹಂಚಿಕೆಯ ರೂಪದ್ದು. ನಿರ್ಣಯದ ರಚನೆಯು ಶಾಂತಿವಾದಿಗಳ ಪಾಲಾಯಿತು. ಗಡೀಪಾರಿನಿಂದ ಹಿಂದಿರುಗಿದ್ದ ವ್ಯಾಲಂಡಿಗ್ಯಾಮನೇ ಅದರ ಮುಖ್ಯ ಭಾಗವನ್ನು ಸಿದ್ಧಪಡಿಸಿದನು. ಅಧ್ಯಕ್ಷಸ್ಥಾನದ ಅಭ್ಯರ್ಥಿಯು ಯುದ್ಧವಾದಿಗಳ ಪಾಲಾದನು. 1862ರಲ್ಲಿ ಆಂಟೀಟಂ ಕದನವನ್ನು ನಡೆಸಿ, ಅದೇ ವರ್ಷದ ನವೆಂಬರಿನಲ್ಲಿ ಸೇನಾಧಿಪತ್ಯದಿಂದ ತೆಗೆಯಲ್ಪಟ್ಟ ಜಾರ್ಜ್ ಮೆಕ್ಲೆಲನ್ನನು ಆಯ್ಕೆಯಾದನು. ಉಪಾಧ್ಯಕ್ಷಸ್ಥಾನಕ್ಕೆ ಮತ್ತೆ ಶಾಂತಿವಾದಿಯಾದ ಜಾರ್ಜ್ ಪೆಂಡಲ್ಟನ್ನನನ್ನು ನಿಲ್ಲಿಸಲಾಯಿತು.

ನಿರ್ಣಯದಲ್ಲಿ ಪರಿಶೀಲಿಸತಕ್ಕ ಭಾಗವು ಎರಡನೆಯದು. ನಾಲ್ಕು ವರ್ಷಗಳ ಯುದ್ಧಪ್ರಯೋಗವು ವಿಫಲವಾಯಿತೆಂದು ಅಲ್ಲಿ ಮೊದಲು ಹೇಳಿದೆ. ಅನಂತರ, ಕದನವನ್ನು ನಿಲ್ಲಿಸುವುದಕ್ಕೆ ಕೂಡಲೆ ಪ್ರಯತ್ನವಾಗಬೇಕೆಂದೂ, ಮುಂದೆ ಸಂಸ್ಥಾನಗಳ ಸಮ್ಮೇಳನದಿಂದಾಗಲಿ ಬೇರೆ ಶಾಂತಿಮಾರ್ಗದಿಂದಾಗಲಿ ಒಕ್ಕೂಟದ ಆಧಾರದ ಮೇಲೆ ಶಾಂತಿಯು ನೆಲೆಗೊಳ್ಳಬೇಕೆಂದೂ ಅದರ ತಾತ್ಪರ್ಯ. ಒಕ್ಕೂಟವೆಂಬ ಪದವು ವಾಕ್ಯದಲ್ಲಿ ಇದ್ದೇ ಇದೆ; ಆದರೆ ಅದು ಇರುವ ಸ್ಥಾನವು ಕೊನೆಯದು. ಕದನವಿರಾಮವು ಮೊದಲ ಕಾರ್ಯ. ಒಕ್ಕೂಟವು ಅದರಿಂದ ಮುಂದೆಂದೋ ಆಗಬೇಕಾದ ಫಲ. ಸಂಧಾನವು ಮುರಿದುಬಿದ್ದರೆ ಮಾಡತಕ್ಕದ್ದೇನೆಂಬ ವಿಷಯದಲ್ಲಿ ನಿರ್ಣಯವು ಮೌನವಾಗಿದೆ. ಇದನ್ನು ಓದಿದ ಶಾಂತಿವಾದಿಗೆ ಯುದ್ಧವು ಮುಗಿಯಿತೆಂಬ ಅರ್ಥವೂ, ಯುದ್ಧವಾದಿಗೆ ಒಕ್ಕೂಟವು ಬಿಟ್ಟುಹೋಗಿಲ್ಲವೆಂಬ ಅರ್ಥವೂ ದೊರೆಯುತ್ತಿದ್ದುವು. ಶ್ಲೇಷವು ಕಾವ್ಯದಲ್ಲಿ ಅಲಂಕಾರ. ಪ್ರತಿಜ್ಞೆಯಲ್ಲಿ ಅದೇ ದೋಷವಾಗುತ್ತದೆ.

ಇದಕ್ಕಿಂತ ಗುರುತರವಾದ ಮತ್ತೊಂದು ಮೌನವೂ ಆ ನಿರ್ಣಯದಲ್ಲಿ ಇದೆ. ಅದರಲ್ಲಿ ದಾಸ್ಯಪದ್ಧತಿಯ ಹೆಸರೇ ಇಲ್ಲ. ಸಂಸ್ಥಾನಗಳ ಹಕ್ಕುಗಳಿಗೆ ಊನವಾಗದಂತೆ ಒಕ್ಕೂಟವನ್ನು ರಕ್ಷಿಸಬೇಕೆಂದು ಮಾತ್ರ ಹೇಳಿದೆ. 1860ರ ಗಣನೆಯಂತೆ ಸುಮಾರು 40 ಲಕ್ಷ ಜನರು ಗುಲಾಮರಾಗಿದ್ದ ದೇಶದಲ್ಲಿ ಹಕ್ಕುಗಳು ಹಿಂದಿನಂತೆಯೇ ಉಳಿಯಬೇಕೆಂಬ ಮಾತಿನ ಫಲಿತಾರ್ಥವು ಯಾರಿಗೂ ಅಸ್ಪಷ್ಟವಾಗಿರಲಿಲ್ಲ. ಯುದ್ಧದ ಬಗೆಗೆ ಎರಡು ಮಾತನಾಡಿದ ಬಣಗಳು ಈ ಮೌನದಲ್ಲಿ ಮಾತ್ರ ಒಂದಾಗಿದ್ದುವು. ಎದುರುಪಕ್ಷವಾದರೋ ಜೂನ್ ತಿಂಗಳಿನ ಬಾಲ್ಟಿಮೋರ್ ಸಭೆಯಲ್ಲಿ, ಯುದ್ಧವನ್ನು ಶತ್ರುವಿನ ಶರಣಾಗತಿಯ ವರೆಗೆ ನಡೆಸಬೇಕೆಂದೂ ದಾಸ್ಯವನ್ನು ರಾಜ್ಯಾಂಗದ ತಿದ್ದುಪಡಿಯಿಂದ ನಿರ್ಮೂಲಗೊಳಿಸಬೇಕೆಂದೂ ಸಂದೇಹಕ್ಕೆಡೆಯಿಲ್ಲದಂತೆ ಸಾರಿದ್ದಿತು.

ಚಿಕಾಗೋ ಸಭೆಯು ಮುಗಿದ ಎರಡೇ ದಿನಗಳಲ್ಲಿ, ಎಂದರೆ ಸೆಪ್ಟೆಂಬರ್ 2ರಂದು, ಷರ್ಮನ್ನನ ಸೈನ್ಯವು ಅಟ್ಲಾಂಟಾ ನಗರವನ್ನು ಹಿಡಿಯಿತು. ಯುದ್ಧವು ವಿಫಲವಾಯಿತೆಂಬ ವಾಕ್ಯದ ಮಸಿಯು ಆರುವುದರೊಳಗಾಗಿ ಅದಕ್ಕೆ ಪ್ರತ್ಯಕ್ಷವಿರುದ್ಧವಾದ ವಾರ್ತೆಯು ಬಂದಿತು. ಮೆಕ್ಲೆಲನ್ನನು ಹಲವು ಕರಡುಗಳನ್ನು ಬರೆದು ತಿದ್ದಿ, ಸೆಪ್ಟೆಂಬರ್ 8ರಂದು ತನ್ನ ಅಂಗೀಕಾರಪತ್ರವನ್ನು ಪ್ರಕಟಿಸಿದನು. ಒಕ್ಕೂಟವೇ ಶಾಂತಿಯ ಏಕಮಾತ್ರ ನಿಬಂಧನೆಯೆಂದೂ, ಸತ್ತ ಮತ್ತು ಗಾಯಗೊಂಡ ಒಡನಾಡಿಗಳ ಶ್ರಮವು ವ್ಯರ್ಥವಾಯಿತೆಂದು ಹೇಳಿ ತನ್ನ ಯೋಧರಿಗೆ ಮುಖ ತೋರಿಸಲಾರೆನೆಂದೂ ಅದರ ಸಾರಾಂಶ. ನಿರ್ಣಯದ ಪದಗಳೇ ಇಲ್ಲಿಯೂ ಉಂಟು. ಅವುಗಳ ಕ್ರಮವು ಮಾತ್ರ ತಲೆಕೆಳಗಾಗಿದೆ. ನಿರ್ಣಯದಲ್ಲಿ ಫಲವಾಗಿದ್ದ ಒಕ್ಕೂಟವು ಪತ್ರದಲ್ಲಿ ನಿಬಂಧನೆಯಾಯಿತು. ಇಷ್ಟಾದರೂ ಅವನು ನಿರ್ಣಯವನ್ನು ಹೆಸರು ಹಿಡಿದು ನಿರಾಕರಿಸಲಿಲ್ಲ. ತನ್ನ ಅಭಿಪ್ರಾಯಗಳೇ ಸಭೆಯ ಅಭಿಪ್ರಾಯಗಳೆಂಬ ನಂಬಿಕೆಯಿಂದ ಆಯ್ಕೆಯನ್ನು ಅಂಗೀಕರಿಸಿದನು. ಹೀಗೆ ಆ ಪಕ್ಷವು ಎರಡು ದೋಣಿಗಳಲ್ಲಿ ಕಾಲಿಟ್ಟು ಹೊಳೆಯನ್ನು ದಾಟಲು ಹೊರಟಂತಾಯಿತು.

ನವೆಂಬರ್ 8ರಂದು ಚುನಾವಣೆಯು ನಡೆಯಿತು. ನಿರ್ವಾಚಕ ಮತಗಳಲ್ಲಿ ಲಿಂಕನ್ನನಿಗೆ 212, ಮೆಕ್ಲೆಲನ್ನನಿಗೆ 21 ಬಂದುವು. ಆದರೆ ಜನತೆಯ ಮತಗಳಲ್ಲಿ ಸುಮಾರು ನೂರಕ್ಕೆ 45ರಷ್ಟು ಮೆಕ್ಲೆಲನ್ನನಿಗೆ ಬಂದಿದ್ದುವೆಂಬುದನ್ನು ಮರೆಯತಕ್ಕದ್ದಲ್ಲ. ಪ್ರತ್ಯೇಕವಾಗಿ ಎಣಿಸಲ್ಪಟ್ಟ ಸೈನಿಕರ ಮತಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಲಿಂಕನ್ನನಿಗೆ ಸಂದುವು. ಯುದ್ಧದಿಂದ ಅತ್ಯಧಿಕವಾಗಿ ಕಷ್ಟಪಟ್ಟವರೂ, ಮೆಕ್ಲೆಲನ್ನನನ್ನು ಒಂದು ಕಾಲಕ್ಕೆ ಪ್ರೀತಿಯಿಂದ ಅನುಸರಿಸಿದವರೂ ಅವರೇ ಆಗಿದ್ದರು. ಅಭ್ಯರ್ಥಿಯು ಅವರಿಗೆ ಪರಿಚಿತನಾಗಿದ್ದನು; ಅವನ ಹಿಂದೆ ಬರತಕ್ಕ ನೀತಿಯು ಯಾವುದೆಂಬುದು ಪರಿಚಿತವಾಗಿರಲಿಲ್ಲ.

ಸೋಲಿಗೆ ದ್ವಂದ್ವೋಕ್ತಿಯೊಂದೇ ಕಾರಣವೆಂದು ಹೇಳುವುದು ಸಾಧುವಲ್ಲ. ಅಟ್ಲಾಂಟಾದ ಪತನವು ಪ್ರಬಲತರವಾದ ಕಾರಣ. ಪಕ್ಷದ ಜನರಲ್ಲಿಯೇ ಭೇದವು ನಿಜವಾಗಿದ್ದುದರಿಂದ, ಸ್ಪಷ್ಟವಾದ ಒಂದು ಮಾತು ಆಗಸ್ಟ್ ತಿಂಗಳಿನಲ್ಲಿಯೇ ಪಕ್ಷವನ್ನು ಇಬ್ಭಾಗ ಮಾಡುತ್ತಿದ್ದಿತೆಂಬ ಸಮಾಧಾನಕ್ಕೂ ಎಡೆಯುಂಟು. ಆದರೆ ಅಸ್ಪಷ್ಟತೆಯಿಂದಾದ ಐಕ್ಯವು ಯುದ್ಧದ ಫಲವು ಅನಿಶ್ಚಿತವಾಗಿರುವ ವರೆಗೆ ಮಾತ್ರ ನಿಲ್ಲುತ್ತದೆ. ಫಲವು ಒಂದು ಕಡೆಗೆ ವಾಲಿದೊಡನೆ ಪ್ರತಿಯೊಬ್ಬನೂ ನಿಶ್ಚಿತವಾದ ಅರ್ಥವನ್ನು ಕೇಳುತ್ತಾನೆ; ಆಗ ಉತ್ತರವನ್ನು ಹೊಸದಾಗಿ ರಚಿಸುವುದಕ್ಕೆ ಕಾಲವಿರುವುದಿಲ್ಲ.

1864ರ ಜೂನ್ 15ರಂದು ಪ್ರತಿನಿಧಿಸಭೆಯಲ್ಲಿ ಬೇಕಾದಷ್ಟು ಬಹುಮತವಿಲ್ಲದೆ ಬಿದ್ದುಹೋಗಿದ್ದ ದಾಸ್ಯನಿರ್ಮೂಲನದ ತಿದ್ದುಪಡಿಯು ಚುನಾವಣೆಯ ತರುವಾಯ, 1865ರ ಜನವರಿ 31ರಂದು, 119 ಮತಗಳು ಪರವಾಗಿಯೂ 56 ಮತಗಳು ವಿರುದ್ಧವಾಗಿಯೂ ಬಿದ್ದು ಅಂಗೀಕೃತವಾಯಿತು. ಅದನ್ನು ಒಪ್ಪಿದವರಲ್ಲಿ ಕೆಲವರು ಡೆಮೋಕ್ರಾಟರೂ ಇದ್ದರು. ಚಿಕಾಗೋ ನಿರ್ಣಯವು ಹೇಳದೆ ಬಿಟ್ಟಿದ್ದ ವಿಷಯದಲ್ಲಿ ಅವರು ಅಂದು ಹೆಸರು ಕರೆದಾಗ ಎದ್ದು, ಹೌದೆಂದೋ ಅಲ್ಲವೆಂದೋ ಒಂದೇ ಉತ್ತರವನ್ನು ಕೊಡಬೇಕಾಯಿತು.