ಪುಟ್ಟ ಮಗುವಿನ ಉಬ್ಬಸ: ಯಾವ ಡಾಕ್ಟರನ್ನು ಕಾಣಬೇಕು?

ರಾತ್ರಿಯಾದರೆ ಕೆಮ್ಮು, ಓಡಿದರೆ ಉಬ್ಬಸ, ಬೆಳಗ್ಗೆದ್ದರೆ ಸಾಲು ಸೀನು. ಸಿರಪ್ ಬಾಟಲಿ ಬದಲಾಗುತ್ತಲೇ ಇರುತ್ತದೆ, ಕೆಮ್ಮು ಮಾತ್ರ ಹೋಗುವುದಿಲ್ಲ.

ಮೊದಲು ಕಾಣಬೇಕಾದವರು ಮಕ್ಕಳ ವೈದ್ಯರು. ಹತೋಟಿಗೆ ಬಾರದಿದ್ದರೆ ಮಕ್ಕಳ ಶ್ವಾಸಕೋಶ ತಜ್ಞರು ಅಥವಾ ಅಲರ್ಜಿ ತಜ್ಞರು. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ, ಅದು ಸರ್ಕಾರದ್ದು.

ಒಳ್ಳೆಯ ವೈದ್ಯರ ಗುರುತೇನು? 5 ವರ್ಷದೊಳಗಿನ ಮಕ್ಕಳಿಗೆ ಜೋರಾಗಿ ಊದಿಸುವ ಸ್ಪೈರೋಮೆಟ್ರಿ ಪರೀಕ್ಷೆ ಕಷ್ಟ. ಹಾಗಾಗಿ ಅವರು ಬಿಡಿಸಿ ಬಿಡಿಸಿ ಕೇಳುತ್ತಾರೆ: ಮನೆಯಲ್ಲಿ ಯಾರಿಗೆ ಉಬ್ಬಸವಿತ್ತು? ಸಿಗರೇಟು, ಊದುಬತ್ತಿಯ ಹೊಗೆ ಇದೆಯೇ? ಜಿರಳೆ, ಹಾಸಿಗೆಯ ಧೂಳು? ಮಾಸ್ಕ್ ಇರುವ ಸ್ಪೇಸರ್ ಎಂಬ ಕೊಳವೆಯ ಮೂಲಕ ಇನ್‌ಹೇಲರ್ ಕೊಡುವುದನ್ನು ಅಪ್ಪ-ಅಮ್ಮನ ಕೈಯಲ್ಲೇ ಮಾಡಿಸಿ ನೋಡುತ್ತಾರೆ. ಉಬ್ಬಸ ಹೆಚ್ಚಾದರೆ ಏನು ಮಾಡಬೇಕೆಂದು ಬರೆದುಕೊಡುತ್ತಾರೆ.

ಇನ್‌ಹೇಲರ್ ಚಟವಾಗುವುದಿಲ್ಲ.

ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ತುಟಿ ನೀಲಿಯಾದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ.