ಗಿಡುಗಗಳ ಶರತ್ಕಾಲದ ಪಯಣವೂ ಅವುಗಳ ಎಣಿಕೆಯೂ

ಕೋಳಿಮರಿಗಳನ್ನು ಎತ್ತಿಕೊಂಡು ಹೋಗುವುದೆಂಬ ಕಾರಣದಿಂದ ಗಿಡುಗವನ್ನು ರೈತನ ವೈರಿಯೆಂದು ಭಾವಿಸುವ ವಾಡಿಕೆಯು ನಮ್ಮಲ್ಲಿರುವಂತೆ ಪರದೇಶಗಳಲ್ಲಿಯೂ ಉಂಟು. ಅಮೆರಿಕಾದ ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿ 1929ರಲ್ಲಿ ಗಾಸ್‌ಹಾಕ್ ಎಂಬ ಜಾತಿಯ ಗಿಡುಗವೊಂದನ್ನು ಕೊಂದವರಿಗೆ 5 ಡಾಲರು ಇನಾಮು ಗೊತ್ತುಮಾಡಲ್ಪಟ್ಟಿತು. ಅಲ್ಲಿಯ ಕಿಟಟಿನಿ ಬೆಟ್ಟಸಾಲಿನ ನೆತ್ತಿಯಲ್ಲಿ ಬಂದೂಕುಗಾರರು ಪ್ರತಿ ಶರತ್ಕಾಲದಲ್ಲಿಯೂ ನೆರೆದು, ಇಂಥ ಜಾತಿಯೆಂದು ನೋಡದೆ ಹಾದುಹೋಗುವ ಗಿಡುಗಗಳನ್ನೆಲ್ಲ ಹೊಡೆದು ಕೆಡಹುತ್ತಿದ್ದರು. 1934ರಲ್ಲಿ ರೋಸಲಿ ಎಡ್ಜ್ ಎಂಬ ಮಹಿಳೆಯು ಆ ಬೆಟ್ಟದಲ್ಲಿ ಸುಮಾರು 1,400 ಎಕರೆ ನೆಲವನ್ನು ಗುತ್ತಿಗೆಗೆ ಹಿಡಿದು, ಮಾರಿಸ್ ಬ್ರೌನ್ ಎಂಬವರನ್ನು ಕಾವಲಿಗಿರಿಸಿದರು. ಕೊಲ್ಲುವುದು ನಿಂತು, ಎಣಿಸುವುದು ಮೊದಲಾಯಿತು. ಹಾಕ್ ಮೌಂಟನ್ ಎಂಬ ಆ ಸ್ಥಳದಲ್ಲಿ, ಯುದ್ಧಕಾಲದ ಕೆಲವು ವರ್ಷಗಳ ಹೊರತು, ಎಣಿಕೆಯು ಇಂದಿಗೂ ನಡೆದುಬಂದಿದೆ.

ಹಕ್ಕಿಗಳು ಆ ಬೆಟ್ಟವನ್ನೇ ಹಿಡಿದು ಹೋಗುವುದೇತಕ್ಕೆಂದರೆ, ಆ ಸಾಲು ಈಶಾನ್ಯದಿಂದ ನೈಋತ್ಯಕ್ಕೆ ಚಾಚಿಕೊಂಡಿರುವುದು. ವಾಯುವ್ಯದ ಶೀತಗಾಳಿಯು ಅದರ ಇಳಿಜಾರಿಗೆ ಬಡಿದು ಮೇಲಕ್ಕೇಳುತ್ತದೆ. ಅದರ ಮೇಲೆ ಹಕ್ಕಿಯು ರೆಕ್ಕೆ ಬಡಿಯದೆಯೇ ತೇಲಿಹೋಗಬಲ್ಲುದು. ಬಿಸಿಲಿಗೆ ಕಾದ ನೆಲದಿಂದೇಳುವ ಬಿಸಿಗಾಳಿಯೂ ಸಹಾಯಕವು. ಅಗಲ ರೆಕ್ಕೆಯ ಗಿಡುಗಗಳು ಸೆಪ್ಟೆಂಬರ್ ನಡುವಿನಲ್ಲಿ ನೂರಾರು ಸಂಖ್ಯೆಯಲ್ಲಿ ಕೂಡಿ, ಸುಳಿಗಾಳಿಗೆ ಸಿಕ್ಕಿದ ತರಗೆಲೆಗಳಂತೆ ಸುತ್ತಿ ಸುತ್ತಿ ಮೇಲೇರಿ, ದಕ್ಷಿಣಕ್ಕೆ ಜಾರುವುವು. ಹೊಂಬಣ್ಣದ ದೊಡ್ಡ ಹದ್ದನ್ನು ಕಾಣಬೇಕಾದರೆ ನವೆಂಬರಿನ ಚಳಿಯಲ್ಲಿ ಬಂಡೆಯ ಮೇಲೆ ಕುಳಿತು ಕಾಯಬೇಕು. ಈ ಕೆಲಸಕ್ಕೆ ವಿದ್ಯೆಗಿಂತ ತಾಳ್ಮೆಯೇ ಹೆಚ್ಚು ಬೇಕು.

ಇಂಥ ಲೆಕ್ಕದಿಂದ ಬೇಸಾಯಗಾರನಿಗೆ ಬಂದ ಲಾಭವೇನು? 1935-39ರಲ್ಲಿ ಅಲ್ಲಿ ಕಂಡ ಬಿಳಿತಲೆ ಜಾತಿಯ ಹದ್ದುಗಳಲ್ಲಿ ನೂರಕ್ಕೆ 40 ಎಳೆಯವು; 1955-59ರಲ್ಲಿ ನೂರಕ್ಕೆ 20 ಮಾತ್ರ. ಮುದಿಹಕ್ಕಿಗಳುಂಟು, ಮರಿಗಳಿಲ್ಲ. 1962ರಲ್ಲಿ ರೇಚಲ್ ಕಾರ್ಸನ್‌ರವರು ಈ ಅಂಕಿಗಳನ್ನು ತಮ್ಮ ಗ್ರಂಥದಲ್ಲಿ ಮುಂದಿಟ್ಟರು. ಕೀಟನಾಶಕ್ಕೆಂದು ಎರಚಿದ ಡಿ.ಡಿ.ಟಿ.ಯು ನೀರಿಗಿಳಿದು, ಮೀನಿನ ಮೂಲಕ ಹದ್ದಿನ ದೇಹವನ್ನು ಸೇರಿ, ಮೊಟ್ಟೆಯ ಚಿಪ್ಪನ್ನು ತೆಳುವಾಗಿಸುತ್ತಿದ್ದುದು ಮುಂದೆ ಸಿದ್ಧಪಟ್ಟಿತು. 1972ರಲ್ಲಿ ಆ ದೇಶವು ಬೇಸಾಯದಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಹದ್ದುಗಳು ಮರಳಿ ಹೆಚ್ಚಿದುವು.

ಕರ್ನಾಟಕದ ಬಯಲುಸೀಮೆಗೂ ಪ್ರತಿ ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ನೀಳರೆಕ್ಕೆಯ ಗಿಡುಗಗಳು ಬರುತ್ತವೆ. ಇವು ಹೊಲಗಳ ಮೇಲೆ ತಗ್ಗಾಗಿ ತೇಲುತ್ತ ಮಿಡತೆಗಳನ್ನೂ ಇಲಿಗಳನ್ನೂ ಹಿಡಿದು ತಿನ್ನುವುವು. ರಾತ್ರಿ ಮರವನ್ನೇರದೆ ಹುಲ್ಲಿನ ನಡುವೆ ನೆಲದಲ್ಲಿಯೇ ಗುಂಪಾಗಿ ತಂಗುವುವು. ಆದಕಾರಣ ಗೋಮಾಳಕ್ಕೆ ಬೆಂಕಿಯಿಡುವವರನ್ನು ತಡೆಯುವುದೂ, ಸಂಜೆ ಸೂರ್ಯಾಸ್ತಕ್ಕೆ ಮುಂಚೆ ಅಲ್ಲಿಗಿಳಿಯುವ ಹಕ್ಕಿಗಳನ್ನು ದೂರದಿಂದ ಎಣಿಸಿ ವರ್ಷವರ್ಷವೂ ಬರೆದಿಡುವುದೂ ಗ್ರಾಮದ ಮುಖಂಡರಿಂದ ಸುಲಭವಾಗಿ ಆಗತಕ್ಕ ಕೆಲಸಗಳು.