ಟೊಮೆಟೊ ಸೊರಗು ರೋಗ: ದುಂಡಾಣು ಹೊಂಚು ಹಾಕುವ ಬಗೆ

ನಿನ್ನೆ ಸಂಜೆ ನಳನಳಿಸುತ್ತಿದ್ದ ಟೊಮೆಟೊ ಗಿಡ ಇಂದು ಬಿಸಿಲೇರುವ ಹೊತ್ತಿಗೆ ಎಲೆ ಜೋತುಬಿಟ್ಟು, ಎರಡು ಮೂರು ದಿನಗಳಲ್ಲಿ ಹಸಿರಾಗಿಯೇ ಬಾಡಿ ಸಾಯುವುದುಂಟು. ಟೊಮೆಟೊ ಹೆಚ್ಚಾಗಿ ಬೆಳೆಯುವ ಕೋಲಾರದಂಥ ಕಡೆಗಳಲ್ಲಿ ರೈತರಿಗೆ ಇದು ಹೊಸದಲ್ಲ. ಮಣ್ಣಿನಲ್ಲಿ ವಾಸಿಸುವ ರಾಲ್‌ಸ್ಟೋನಿಯ ಸೊಲನೇಸಿಯಾರಮ್ ಎಂಬ ದುಂಡಾಣು ಇದಕ್ಕೆ ಕಾರಣ. ಗಿಡ ಒಂದೇ ದಿನದಲ್ಲಿ ಸೊರಗಿದಂತೆ ಕಂಡರೂ ದುಂಡಾಣು ಬೇರಿನ ಗಾಯದ ಮೂಲಕ ಒಳಸೇರಿ ಹಲವು ದಿನಗಳೇ ಆಗಿರುತ್ತವೆ. ಅಷ್ಟು ದಿನ ರೋಗದ ಸುಳಿವೇ ಕಾಣದಿರುವುದೇಕೆ?

ಇದಕ್ಕೆ ಉತ್ತರ ದುಂಡಾಣುವಿನ ವಂಶವಾಹಿಗಳಲ್ಲಿದೆ. 2002ರಲ್ಲಿ ಪ್ರಕಟವಾದ ಅಧ್ಯಯನದಂತೆ ಇದರಲ್ಲಿ ಸುಮಾರು 5,000 ವಂಶವಾಹಿಗಳಿವೆ. ಇವೆಲ್ಲ ಒಮ್ಮೆಗೇ ಕೆಲಸ ಮಾಡುವುದಿಲ್ಲ. ರೋಗ ತರುವ ಹಲವು ವಂಶವಾಹಿಗಳನ್ನು ಪಿಎಚ್‌ಸಿ-ಎ ಎಂಬ ಒಂದು ವಂಶವಾಹಿ ಹತೋಟಿಯಲ್ಲಿಡುತ್ತದೆ. ಇದನ್ನು ಪಂಪ್‌ಸೆಟ್ಟಿನ ಸ್ಟಾರ್ಟರ್‌ಗೆ ಹೋಲಿಸಬಹುದು. ಪ್ರತಿಯೊಂದು ದುಂಡಾಣುವೂ ಒಂದು ರಾಸಾಯನಿಕ ವಸ್ತುವನ್ನು ಹೊರಬಿಡುತ್ತಿರುತ್ತದೆ. ಸಂಖ್ಯೆ ಕಡಿಮೆಯಿದ್ದಾಗ ಆ ವಸ್ತು ಚದುರಿಹೋಗಿ ಸ್ಟಾರ್ಟರ್ ಬಂದ್ ಆಗಿಯೇ ಇರುತ್ತದೆ. ಆಗ ದುಂಡಾಣು ಈಜುತ್ತಾ, ಆಹಾರ ಹುಡುಕುತ್ತಾ ಹರಡುತ್ತದೆ. ಕಾಂಡದ ಕಿರಿದಾದ ನೀರಿನ ಕೊಳವೆಗಳಲ್ಲಿ ಒಂದು ಮಿ.ಲೀ. ರಸಕ್ಕೆ ಕೋಟಿಯಷ್ಟು ದುಂಡಾಣುಗಳು ಸೇರಿದಾಗ ಆ ವಸ್ತುವೂ ಶೇಖರವಾಗಿ ಸ್ಟಾರ್ಟರ್ ಚಾಲೂ ಆಗುತ್ತದೆ. ಈಜುವುದು ಕಡಿಮೆಯಾಗಿ ಲೋಳೆಯ ತಯಾರಿ ಜೋರಾಗುತ್ತದೆ. ಈ ಲೋಳೆ ಕೊಳವೆಗಳಿಗೆ ಅಡಚುವುದರಿಂದ ನೀರು ಮೇಲೇರದೆ ಗಿಡ ಸೊರಗುತ್ತದೆ.

ಲೋಳೆ ತಯಾರಿಸಲು ಬಹಳ ಶಕ್ತಿ ಬೇಕು. ಒಂಟಿಯಾಗಿರುವಾಗಲೇ ಅದಕ್ಕೆ ಕೈಹಾಕಿದರೆ ದುಂಡಾಣುವಿನ ಬೆಳವಣಿಗೆಯೇ ಕುಂಠಿತವಾಗುತ್ತದೆ. ಜಿಪುಣ ಸಂಸಾರಸ್ಥನೂ ಇಷ್ಟು ಲೆಕ್ಕ ಹಾಕಲಾರ! ಅಮೆರಿಕದ ವಿಜ್ಞಾನಿ ಆರ್ಥರ್ ಕೆಲ್ಮನ್ 1954ರಲ್ಲಿ ರೂಪಿಸಿದ ಪೋಷಕ ಮಾಧ್ಯಮದಲ್ಲಿ ರೋಗಕಾರಕ ದುಂಡಾಣು ಬಿಳಿಯ ಲೋಳೆಯಾಗಿಯೂ, ರೋಗಶಕ್ತಿ ಕಳೆದುಕೊಂಡದ್ದು ಕಡುಗೆಂಪಾಗಿಯೂ ಬೆಳೆಯಿತು. ಹೀಗೆ ಶಕ್ತಿಗುಂದಿದ ಅನೇಕ ತಳಿಗಳಲ್ಲಿ ಕೆಟ್ಟಿದ್ದುದು ಪಿಎಚ್‌ಸಿ-ಎ ವಂಶವಾಹಿಯೇ ಎಂಬುದು ಮುಂದೆ ಪತ್ತೆಯಾಯಿತು.

ಇದರಿಂದ ರೈತ ಬಾಂಧವರು ತಿಳಿಯಬೇಕಾದುದು ಇಷ್ಟು. ಗಿಡ ಬಾಡಿದ ದಿನ ರೋಗದ ಕೊನೆಯ ಹಂತ. ಆಗ ಔಷಧಿ ಸಿಂಪಡಿಸುವುದು ಹಣವನ್ನು ಮಣ್ಣಿಗೆ ಸುರಿದಂತೆ. ಪಕ್ಕದ ಹಸಿರು ಗಿಡದಲ್ಲೂ ದುಂಡಾಣು ಅಡಗಿರಬಹುದಾದ್ದರಿಂದ ರೋಗ ಬಂದ ತಾಕಿನ ನೀರು ಬೇರೆ ತಾಕಿಗೆ ಹರಿಯಗೊಡಬಾರದು. ಆ ತಾಕಿನಲ್ಲಿ ಬಳಸಿದ ಗುದ್ದಲಿ, ಕುಡುಗೋಲುಗಳನ್ನು ತೊಳೆಯದೆ ಬೇರೆಡೆ ಬಳಸಬಾರದು. ಸೊರಗಿದ ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕು. ಮುಂದಿನ ಬೆಳೆಯಾಗಿ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೇಡ; ರಾಗಿ ಅಥವಾ ಮುಸುಕಿನ ಜೋಳ ಹಾಕುವುದು ಲೇಸು. ಅರ್ಕ ರಕ್ಷಕ್‌ನಂತಹ ರೋಗನಿರೋಧಕ ಹೈಬ್ರಿಡ್‌ಗಳೂ, ರೋಗ ತಡೆಯುವ ಬದನೆ ಬೇರುಸಸಿಯ ಮೇಲೆ ಕಸಿ ಮಾಡಿದ ಟೊಮೆಟೊ ಸಸಿಗಳೂ ಲಭ್ಯವಿವೆ.

ರೋಗದ ಬಗ್ಗೆ ಅನುಮಾನವಿದ್ದರೆ ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಕತ್ತರಿಸಿದ ತುದಿಯನ್ನು ಗಾಜಿನ ಲೋಟದಲ್ಲಿನ ತಿಳಿನೀರಿನಲ್ಲಿ ಇಳಿಬಿಡಿ. ಸ್ವಲ್ಪ ಹೊತ್ತಿನಲ್ಲಿ ಹಾಲಿನಂಥ ಎಳೆಗಳು ಕೆಳಗಿಳಿದರೆ ಅದು ದುಂಡಾಣುಗಳು ತುಂಬಿದ ಆ ಲೋಳೆಯೇ.